ಉಸಿರು ಕಟ್ಟಿದ ಮೂಟೆಗಳು

ಅಕ್ಕನಿಗೆ ಕೇತಾಮಾ ಬೆಟ್ಟದೂರಿನಿಂದ ತಮ್ಮನ ಸಲಾಮು.

ಊರಿನ ಕಡಲಮಂಜಿಗೆ ಹೆದರಿ, ನಿನ್ನ ಪಾಲೂ ಸೇರಿ ವರ್ಷದ ಗಾಂಜಾ ಬೆಳೆಯನ್ನೆಲ್ಲ ಮಾವನ ಮಗ ಬೂಜಮಾನ ಮಹಡಿಗೆ ಹೇರಿಕೊಂಡು ಬಂದೆನಲ್ಲ, ಇಲ್ಲಿನ ಬಿಸಿಲಿಗೆ ಎಲೆ ಗರಿಗರಿಯಾಯಿತು. ಮೂಟೆ ಕಟ್ಟಿ ಕತ್ತಲೆ ಕೋಣೆಯಲ್ಲಿಟ್ಟೆವು. ಅಂದಿನಿಂದ ಈ ಮಹಾಶಯ ದಿನವೂ ಒಬ್ಬನೇ ಒಳಹೊಕ್ಕು ಮೂಟೆಗಳ ಬಾಯಿ ಬಿಚ್ಚತೊಡಗಿದ.

"ಏನೋ ಅದು?" ಎಂದೆ.

"ದಂಟಿನೊಳಗೆ ಇನ್ನೂ ಪಸೆ ಇದೆ ಮಾರಾಯ, ಸ್ವಲ್ಪ ಉಸಿರಾಡ್ಲಿ."

ಗಾಂಜಾಕ್ಕೂ ಉಸಿರಾಟವಂತೆ! ಹಿಡಿ ಹಿಡಿಯಾಗಿ ಎತ್ತುವವನ ನೆಪ ನನಗೆ ತಿಳಿಯದೇ? ಎಲ್ಲವನ್ನೂ ಬಿಗಿಯಾಗಿ ಹೊಲಿದು, ಮೂಟೆಗಳ ಮೇಲೆಯೇ ಹಾಸಿಗೆ ಹಾಕಿದೆ. ಸೊಂಟ ಹಿಡಿದಿದೆ, ಉಳಿದಂತೆ ಆರೋಗ್ಯ.

ಹೋದ ವಾರ ಅವನ ಹೆಂಡತಿ ತಮಿಮುಂತ್ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. "ಕಳ್ಳ ಬರ್ಲಿಲ್ಲ ಸರಿ, ಬೂಷ್ಟು ಬಂತಲ್ಲ ಕಾವಲುಗಾರಣ್ಣ!"

ನನ್ನ ಮೈಕೆಳಗಿನ ಎರಡು ಮೂಟೆ ಬೆಚ್ಚಗಾಗಿ ಹುಳಿ ನಾರುತ್ತಿದ್ದವು. ಅವು ಹೋದವು. ಉಳಿದವನ್ನು ಬೂಜಮಾ ಬಿಚ್ಚಿ, ಹರವಿ, ಉಳಿಸಿದ.

ಈಗ ದಿನವೂ ಅವನೇ ಬಾಯಿ ಬಿಚ್ಚುತ್ತಾನೆ. ಹೊರಬರುವಾಗ ಅವನ ನಿಲುವಂಗಿಗೆ ಹೊಲಿದು ಬೆನ್ನ ಮೇಲೆ ಚೀಲದಂತೆ ಜೋಲುವ ಟೋಪಿಯೊಳಗೆ ಕೈಹಾಕಿ ನೋಡಿಯೇ ನಾನು ಬಿಡುವುದು. ಈ ಕಾಗದ ಒಯ್ಯಲು ಪೇಟೆಗೆ ಹೋಗುವ ಬಂಡಿಯವನು ಕೂಗುತ್ತಿದ್ದಾನೆ, ಇಷ್ಟೇ.

ಮೀಮೂನ್