ಇನ್ನೂ ಬಾರದ ಕಾನೂನು

ಸೋಸಲೆ
ತಾ. ೧೯-೧೧-೧೯೮೩, ಶನಿವಾರ

ಪೂಜ್ಯ ಅತ್ತೆಯವರಿಗೆ,

ನಿಮ್ಮ ಸೊಸೆ ಚಂಪಕಳ ನಮಸ್ಕಾರಗಳು. ನೀವು ನಂಜನಗೂಡಿಗೆ ಹೋಗಿ ನಾಳೆಗೆ ನಾಲ್ಕು ವಾರ. ವೆಂಕಟಲಕ್ಷ್ಮಿಯ ಆಪರೇಷನ್ನಿನ ಹೊಲಿಗೆ ಬಿಚ್ಚಿದರೆಂದು ನಿಮ್ಮ ಅಳಿಯಂದಿರ ಕಾರ್ಡಿನಿಂದ ತಿಳಿಯಿತು. ಸಮಾಧಾನವಾಯಿತು. ಮೂರು ತಿಂಗಳು ಕೊಡ ಎತ್ತಕೂಡದು ಎಂದು ಡಾಕ್ಟರು ಹೇಳಿದ್ದು ಅವಳಿಗೆ. ಅವಳ ಪಾಲಿನದನ್ನೂ ನೀವೇ ಎತ್ತುತ್ತಿರುತ್ತೀರಿ ಎಂದು ನನಗೆ ಇಲ್ಲಿಂದಲೇ ಕಾಣುತ್ತದೆ. ನಿಮ್ಮ ಮೊಣಕಾಲು ಹೇಗಿದೆ? ಕಾರ್ತಿಕ ಸ್ನಾನವೆಂದು ಬೆಳಗಿನ ಜಾವ ಕಪಿಲೆಯ ತಣ್ಣೀರಿಗೆ ಇಳಿಯುತ್ತಿದ್ದರೆ ದಯವಿಟ್ಟು ಬೇಡ. ಮನೆಯಲ್ಲೇ ಬಿಸಿನೀರು ಹಾಕಿಕೊಂಡು ನದಿಯ ಹೆಸರು ಹೇಳಿದರೆ ಸಾಕು ಎಂದು ನೀವೇ ಪಕ್ಕದ ಮನೆಯವರಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ಕನ್ನಡಕ ಸಾಲದು ಎನ್ನುತ್ತಿದ್ದಿರಿ, ಅದಕ್ಕೆ ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ. ಬೆಳಕಿರುವ ಕಡೆ ಕೂತು ಓದಿ. ಇಲ್ಲಿ ಉತ್ಥಾನ ದ್ವಾದಶಿಗೆ ತುಳಸಿಗೆ ನೆಲ್ಲಿಕಾಯಿ ದೀಪ ಹಚ್ಚಿದೆ. ಹಿತ್ತಿಲ ನುಗ್ಗೆಮರದ ದೊಡ್ಡ ಕೊಂಬೆ ಗಾಳಿಗೆ ಮುರಿದು ಬಿತ್ತು, ಗೋಡೆಗೆ ಏನೂ ಆಗಲಿಲ್ಲ.

ಹೋದ ಎರಡು ಕಾರ್ಡುಗಳಲ್ಲಿ ಒಂದು ವಿಷಯ ಬರೆಯಲಿಲ್ಲ. ಕಾರ್ಡನ್ನು ದಾರಿಯಲ್ಲಿ ಎಲ್ಲರೂ ಓದುತ್ತಾರೆ, ಅದಕ್ಕೇ ಬರೆಯಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇದು ಕವರು, ಇನ್ನು ಆ ನೆಪವಿಲ್ಲ. ಅತ್ತೆ, ಸ್ಕೂಲಿನ ಕೆಲಸ ಹೋಯಿತು. ಇವತ್ತಿಗೆ ಎರಡು ವಾರ.

ನೀವು ಅತ್ತ ಹೋದ ಮೂರನೆಯ ದಿನ ಸೆಕ್ರೆಟರಿ ಅನಂತಪದ್ಮನಾಭ ರಾಯರು ಆಫೀಸಿಗೆ ಕರೆಸಿದರು. ಅವರು ಕೆಟ್ಟವರಲ್ಲ. ನನಗೆ ಕೆಲಸ ಕೊಟ್ಟ ಅವರ ತಂದೆಯಷ್ಟು ಗಟ್ಟಿಯವರೂ ಅಲ್ಲ. ಮೇಜಿನ ಮೇಲೆ ಪೇಪರಿನಿಂದ ಕತ್ತರಿಸಿದ ಒಂದು ತುಂಡು ಇತ್ತು, ಅದರ ಮೇಲೆ ಗಾಜಿನ ಗುಂಡು ಇಟ್ಟಿದ್ದರು. "ನೋಡಿ ಚಂಪಕಮ್ಮ, ಸರ್ಕಾರದವರು ಹೊಸ ಶಿಕ್ಷಣ ಮಸೂದೆ ತರ್ತಾ ಇದ್ದಾರೆ. ಖಾಸಗಿ ಶಾಲೆಗಳಿಗೆಲ್ಲ ಇನ್ನು ಬಿಗಿ. ಟ್ರೈನಿಂಗ್ ಆಗದವರನ್ನ ಇಟ್ಕೊಂಡಿದ್ರೆ ನಾಳೆ ನಮ್ಮ ಮಾನ್ಯತೆಗೇ ಕುತ್ತು," ಎಂದರು. ಯಾವಾಗ ಬರುತ್ತದೆ ಎಂದು ಕೇಳಿದೆ. "ಬರುತ್ತೆ," ಎಂದರು. ಹತ್ತೊಂಬತ್ತು ವರ್ಷದಿಂದ ಒಂದನೇ ಕ್ಲಾಸು ನನ್ನದು ಎಂದೆ. ಅದು ಅವರಿಗೂ ಗೊತ್ತು, ಅವರ ಇಬ್ಬರು ಮಕ್ಕಳಿಗೂ ಅ ಆ ಇ ಈ ತಿದ್ದಿಸಿದವಳು ನಾನೇ. ಅವರು ಗಾಜಿನ ಗುಂಡನ್ನು ಅತ್ತಿಂದಿತ್ತ ಉರುಳಿಸುತ್ತಾ ಕೂತರು. ಕಮಿಟಿಯವರ ತೀರ್ಮಾನವಾಗಿದೆ, ಮೈಸೂರಿನಿಂದ ಟಿ.ಸಿ.ಎಚ್. ಮುಗಿಸಿದ ಹುಡುಗಿಯೊಬ್ಬಳು ಸಿಕ್ಕಿದ್ದಾಳೆ ಎಂದರು.

ನನಗೆ ಆಗ ಅಳು ಬರಬೇಕಿತ್ತು ಅಥವಾ ಸಿಟ್ಟಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ಹುಣಸೆಹಣ್ಣು ಮುಗಿದಿದೆ, ತರಬೇಕಿತ್ತು ಎಂದು ಯೋಚಿಸುತ್ತಿದ್ದೆ. ಮನೆಗೆ ಬಂದು ಇಬ್ಬರಿಗಾಗುವಷ್ಟು ಸಾರು ಮಾಡಿದೆ. ಹಲ್ಲು ಕೀಳಿಸುವ ಮುನ್ನ ಡಾಕ್ಟರು ಇಂಜೆಕ್ಷನ್ ಕೊಟ್ಟಾಗ ಕೆನ್ನೆ ಬೇರೆಯವರದು ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಿತ್ತು. ಈಗಲೂ ಅಷ್ಟೇ.

ಆದರೂ ಸುಮ್ಮನೆ ಕೂರಲಿಲ್ಲ. ತಾಲ್ಲೂಕು ಕಚೇರಿಯ ಎದುರಿಗಿರುವ ಲಾಯರು ಚಂದ್ರಶೇಖರ ಅವರ ಬಳಿ ಹೋದೆ. ಅವರು ಬೆಂಗಳೂರಿನ ಸ್ನೇಹಿತರಿಂದ ಆ ಮಸೂದೆಯ ಪ್ರತಿ ತರಿಸಿದ್ದರು. ಇಂಗ್ಲಿಷಿನಲ್ಲಿತ್ತು, ದಪ್ಪ ಪುಸ್ತಕ. ಒಂದೊಂದೇ ಕಲಮು ಓದಿ ಕನ್ನಡದಲ್ಲಿ ಹೇಳುತ್ತಾ ಹೋದರು, ನಾನು ಕೇಳುತ್ತಾ ಹೋದೆ. ಮೇಷ್ಟರುಗಳ ಅರ್ಹತೆಯ ಮಾತು ಅದರಲ್ಲಿತ್ತು. ಆದರೆ ಈಗಾಗಲೇ ಕೆಲಸದಲ್ಲಿರುವವರನ್ನು ಏನು ಮಾಡಬೇಕು ಎಂಬುದು ರೂಲ್ಸು ಬಂದ ಮೇಲೆಯೇ ತಿಳಿಯುವುದು ಎಂದರು. ಆಮೇಲೆ ಪುಸ್ತಕ ಮುಚ್ಚಿ, "ಮೇಡಂ, ಮುಖ್ಯವಾದ ವಿಷಯ ಕೇಳಿ. ಇದು ಬಿಲ್ಲು. ಕಾನೂನಲ್ಲ. ಎರಡು ಸಭೆ ಒಪ್ಪಬೇಕು, ಆಮೇಲೆ ದೆಹಲಿಯಿಂದ ಅಂಕಿತ ಆಗಬೇಕು. ಯಾವ ಕಾಲಕ್ಕೋ. ಇಲ್ಲದ ಕಾನೂನಿನ ಹೆಸರಲ್ಲಿ ನಿಮ್ಮನ್ನ ತೆಗೆಯೋಕೆ ಅವರಿಗೆ ಅಧಿಕಾರ ಇಲ್ಲ. ಒಂದು ನೋಟೀಸು ಕೊಡೋಣವೇ?" ಎಂದರು. ಫೀಸು ಬೇಡ ಎಂದೂ ಹೇಳಿದರು. ಅವರ ತಂಗಿ ನನ್ನ ಹತ್ತಿರ ಓದಿದವಳಂತೆ. ಮುಖ ನೆನಪಾಗಲಿಲ್ಲ, ಆಗಿದೆ ಎಂದು ತಲೆಯಾಡಿಸಿದೆ.

ನೋಟೀಸು ಕೊಡುವ ಮೊದಲು ರಾಯರಿಗೆ ಒಂದು ಮಾತು ಹೇಳೋಣ ಎಂದು ನಾನೇ ಹೋದೆ. ಅದೇ ತಪ್ಪಾಯಿತೋ ಏನೋ. ಮಸೂದೆಯನ್ನು ಓದಿದ್ದೀರಾ ಎಂದು ಕೇಳಿದೆ. ಇಲ್ಲ ಎಂದು ಒಪ್ಪಿಕೊಂಡರು. ಕಮಿಟಿಯಲ್ಲಿ ಯಾರೂ ಓದಿಲ್ಲವಂತೆ, ಪೇಪರಿನಲ್ಲಿ ಬಂದಷ್ಟೇ ಗೊತ್ತಂತೆ. ಲಾಯರು ಹೇಳಿದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದರು. "ನೀವು ಹೇಳೋದು ನ್ಯಾಯವೇ. ಆದ್ರೆ ಚಂಪಕಮ್ಮ, ಕಾನೂನು ಬಂದಮೇಲೆ ತೆಗೆದ್ರೆ ತೆಗೆದ್ರು ಅಂತ ಊರೆಲ್ಲ ಆಡ್ಕೊಳ್ಳುತ್ತೆ. ಈಗಾದ್ರೆ ನೀವಾಗೇ ಬಿಟ್ಟ ಹಾಗೆ. ಮರ್ಯಾದೆ ಉಳಿಯುತ್ತೆ," ಎಂದು ಟೈಪು ಮಾಡದೆ ಕೈಯಲ್ಲೇ ಬರೆದಿಟ್ಟಿದ್ದ ಒಂದು ಕಾಗದವನ್ನು ನನ್ನ ಕಡೆ ತಿರುಗಿಸಿದರು. 'ನಾನು ನನ್ನ ಸ್ವಂತ ಇಚ್ಚೆಯಿಂದ' ಎಂದು ಶುರುವಾಗಿತ್ತು. ಇಚ್ಛೆಗೆ ಮಹಾಪ್ರಾಣ ಹಾಕಿರಲಿಲ್ಲ. ನಾನು ಅವರ ಪೆನ್ನು ತೆಗೆದುಕೊಂಡು ಅದನ್ನು ತಿದ್ದಿದೆ. ತಿದ್ದಿದ ಮೇಲೆ ಕೆಳಗೆ ಸಹಿ ಮಾಡಿದೆ. ಯಾಕೆ ಮಾಡಿದೆ ಎಂದು ಕೇಳಬೇಡಿ. ಕಾಗದ ಸರಿಯಾಗಿದೆ, ಇನ್ನು ಸಹಿ ಮಾಡಬಹುದು ಎನ್ನಿಸಿತು, ಅಷ್ಟೇ. ಚಂದ್ರಶೇಖರ ಅವರು ವಿಷಯ ತಿಳಿದು ತಲೆಯ ಮೇಲೆ ಕೈ ಇಟ್ಟುಕೊಂಡರು. ಇನ್ನು ಅವರ ಕೈಯಲ್ಲಿ ಆಗುವುದು ಏನೂ ಇಲ್ಲವಂತೆ.

ಕೊನೆಯ ದಿನ ಆ ಹುಡುಗಿಗೆ ಕ್ಲಾಸು ತೋರಿಸಿಕೊಟ್ಟೆ. ಒಳ್ಳೆಯ ಹುಡುಗಿ, ಮೆತ್ತಗೆ ಮಾತನಾಡುತ್ತಾಳೆ. ಎರಡನೇ ಸಾಲಿನ ಹುಡುಗ ಎಡಗೈಯಲ್ಲಿ ಬರೆಯುತ್ತಾನೆ, ಅವನಿಗೆ ಹೊಡೆಯಬೇಡ. ಕಿಟಕಿಯ ಹತ್ತಿರದ ಹುಡುಗಿಗೆ ಬಲಗಿವಿ ಕೇಳಿಸುವುದಿಲ್ಲ, ಅವಳ ತಾಯಿಗೂ ಅದು ಗೊತ್ತಿರಲಿಲ್ಲ. 'ಳ' ಬರೆಯಲು ಎಲ್ಲರೂ ಅಳುತ್ತಾರೆ, ಅವಸರ ಮಾಡಬೇಡ ಎಂದೆಲ್ಲ ಹೇಳಿದೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವಳ ಮೇಲೆ ಕೋಪ ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಹೊರಡುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಿಮ್ಮ ಮಗ ಹೋಗಿ ಮೂರು ತಿಂಗಳಾಗಿದ್ದಾಗ ನೀವು ನನಗೆ ಹೇಳಿದ ಮಾತು ಆಗ ಕಿವಿಯಲ್ಲಿ ಬಂತು. "ತಲೆ ಬೋಳಿಸ್ಕೊಂಡು ಈ ಮೂಲೇಲಿ ನಾನು ಕೂತಿದ್ದು ಸಾಕು ಕಣೇ ಚಂಪಕಾ. ಈ ಮನೇಲಿ ಇನ್ನೊಬ್ಬಳು ಕೂರೋದು ಬೇಡ. ನಾಳೆಯಿಂದ ಸ್ಕೂಲಿಗೆ ಹೋಗು. ಯಾರು ಏನಂದ್ರೂ ನನ್ನ ಕೇಳಲಿ." ಅಗ್ರಹಾರದವರು ಬಂದು ಕೇಳಿಯೂ ಕೇಳಿದರು. ನೀವು ಬಾಗಿಲಲ್ಲಿ ನಿಂತು ಏನು ಉತ್ತರ ಹೇಳಿ ಕಳಿಸಿದಿರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕೆಲಸವನ್ನು ಕಳೆದುಕೊಂಡು ಬಂದೆ ಎಂದು ನಿಮಗೆ ಹೇಗೆ ಬರೆಯುವುದು ಎಂದೇ ಎರಡು ವಾರ ಹೋಯಿತು.

ಇನ್ನೊಂದು ವಿಷಯ ಬೇರೆಯವರ ಬಾಯಿಂದ ಕೇಳುವುದು ಬೇಡ, ನಾನೇ ಹೇಳುತ್ತೇನೆ. ಕೆಲಸ ಬಿಟ್ಟ ಮೇಲಿನ ಸೋಮವಾರ ಬೆಳಿಗ್ಗೆ ಎಂದಿನಂತೆ ಸ್ನಾನ ಮಾಡಿ, ಡಬ್ಬಿಗೆ ಮೊಸರನ್ನ ಕಲಸಿ, ಕೊಡೆ ಹಿಡಿದು ಒಂಬತ್ತೂ ಕಾಲರ ಬಸ್ಸಿಗೆ ಹೋದೆ. ಎಲ್ಲಿಗೆ ಎಂದು ನನಗೇ ಗೊತ್ತಿರಲಿಲ್ಲ. ನರಸೀಪುರದಲ್ಲಿ ಇಳಿದು, ಸ್ಕೂಲಿನ ಬೀದಿ ಬಿಟ್ಟು ಸಂಗಮದ ಕಡೆ ನಡೆದೆ. ಮೆಟ್ಟಿಲ ಮೇಲೆ ನೆರಳಿರುವ ಕಡೆ ಕೂತೆ. ಹನ್ನೆರಡೂವರೆಗೆ ಡಬ್ಬಿ ಬಿಚ್ಚಿ ಊಟ ಮಾಡಿದೆ. ನಾಲ್ಕೂವರೆ ಬಸ್ಸಿಗೆ ವಾಪಸು ಬಂದೆ. ಮಂಗಳವಾರವೂ ಹೋದೆ. ಬುಧವಾರವೂ. ಪಕ್ಕದ ಮನೆಯವರು, ಬಸ್ಸಿನವರು ಯಾರಿಗೂ ಏನೂ ಗೊತ್ತಾಗಲಿಲ್ಲ. ಅಲ್ಲಿ ಕೂತು ಬಹಳ ಯೋಚಿಸಿದೆ ಎಂದು ತಿಳಿಯಬೇಡಿ. ಏನೂ ಯೋಚಿಸಲಿಲ್ಲ. ಎರಡು ನದಿಯ ನೀರು ಸೇರುವುದನ್ನು ನೋಡುತ್ತಿದ್ದೆ.

ಗುರುವಾರ ಸಣ್ಣತಾಯಮ್ಮ ಎಂಬ ಹೆಂಗಸು ಅಲ್ಲಿಗೆ ಬಟ್ಟೆ ಒಗೆಯಲು ಬಂದಳು. ಅವಳ ಮೊಮ್ಮಗಳು ನನ್ನ ಕ್ಲಾಸಿನವಳು. ನನ್ನನ್ನು ನೋಡಿ ಬಟ್ಟೆಯ ಗಂಟು ಇಳಿಸಿದಳು. "ಇದ್ಯಾಕ್ ಮೇಡಮ್ಮಾರೇ ಇಲ್ ಕುಂತಿದ್ದೀರಿ? ನಮ್ ಮಗು ಏಳ್ತಿತ್ತು, ಒಸಾ ಮೇಡಮ್ಮು ಬಂದವ್ರೆ ಅಂತವ," ಎಂದಳು. ರಜಾ ಹಾಕಿದ್ದೇನೆ ಎಂದೆ. ರಜಾ ಹಾಕಿದವಳು ಕೊಡೆ, ಡಬ್ಬಿ, ಚೀಲ ಇಟ್ಟುಕೊಂಡು ಮೆಟ್ಟಿಲ ಮೇಲೆ ಯಾಕೆ ಕೂರಬೇಕು ಎಂದು ಅವಳು ಮತ್ತೆ ಕೇಳಲಿಲ್ಲ. ಒಂದು ಮೆಟ್ಟಿಲು ಕೆಳಗೆ ಕೂತು ಎಲೆ ಅಡಿಕೆ ಹಾಕಿಕೊಂಡಳು. ಅದನ್ನು ಅಗಿಯುತ್ತಾ, "ಎಲ್ಡ್ ಜಿನ ಅತ್ತಿತ್ತು ಕನವ್ವಾ ನಮ್ ಮಗು. ನಮ್ ಮೇಡಮ್ಮು ಬೇಕು ಅಂತ. ಈಗ ಇಸ್ಕೂಲ್ಗೆ ಒಯ್ತದೆ," ಎಂದಳು. ಆಮೇಲೆ ಎದ್ದು ಬಟ್ಟೆ ಒಗೆದುಕೊಂಡು ಹೋದಳು. ನಾನು ಮಾರನೆಯ ದಿನದಿಂದ ಬಸ್ಸು ಹತ್ತಲಿಲ್ಲ. ಮನೆಯಲ್ಲೇ ಇದ್ದೇನೆ. ಅಟ್ಟ ಗುಡಿಸಿದೆ, ಪಾತ್ರೆಗಳಿಗೆಲ್ಲ ಹುಣಸೆಹುಳಿ ಹಾಕಿ ತಿಕ್ಕಿದೆ. ಹಗಲು ಹೊತ್ತಿನಲ್ಲಿ ಈ ಮನೆಯೊಳಗೆ ಬಿಸಿಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹತ್ತೊಂಬತ್ತು ವರ್ಷದಲ್ಲಿ ನಾನು ನೋಡಿಯೇ ಇರಲಿಲ್ಲ.

ಇದನ್ನು ಓದಿ ನೀವು ಕೂಡಲೇ ಹೊರಡಬೇಡಿ. ವೆಂಕಟಲಕ್ಷ್ಮಿ ಪೂರ್ತಿ ಸುಧಾರಿಸಲಿ. ಗದ್ದೆಯ ಭತ್ತ ಬರುತ್ತದೆ, ಊಟಕ್ಕೆ ಕಷ್ಟವಿಲ್ಲ. ರಾಯರ ಮೇಲೆ ಸಿಟ್ಟು ಮಾಡಿಕೊಂಡು ಅವರ ಮನೆಗೆ ಹೇಳಿ ಕಳಿಸುವುದೂ ಬೇಡ. ಸಹಿ ಮಾಡಿದವಳು ನಾನು. ಅಳಿಯಂದಿರಿಗೆ ನನ್ನ ನಮಸ್ಕಾರ, ವೆಂಕಟಲಕ್ಷ್ಮಿಗೆ ಪ್ರೀತಿ, ಮಕ್ಕಳಿಗೆ ಮುತ್ತುಗಳು. ಹಾಲಿಗೆ ಅರಿಸಿನ ಹಾಕಿಕೊಂಡು ನೀವೂ ಕುಡಿಯಿರಿ, ಎಲ್ಲರಿಗೂ ಕೊಟ್ಟು ಬರಿದಾದ ಪಾತ್ರೆ ತೊಳೆದಿಡಬೇಡಿ.

ನಿಮ್ಮ ಆಶೀರ್ವಾದ ಬೇಡುವ ಸೊಸೆ,
ಚಂಪಕ

ವಿ.ಸೂ.: ಕವರು ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಎರಡು ವಾರ ಹೋಗುತ್ತದೆ. ನಿನ್ನೆ ಆ ನುಗ್ಗೆ ಕೊಂಬೆ ಕಡಿಯಲು ಕೇರಿಯ ಕಲ್ಲಯ್ಯನನ್ನು ಕರೆಸಿದ್ದೆ. ಕೆಲಸ ಮುಗಿಸಿ ಹಿತ್ತಿಲ ಬಾಗಿಲ ಆಚೆ ನಿಂತು, "ಅವ್ವಾರೇ, ಇಸ್ಕೂಲ್ ಬುಟ್ರಂತಲ್ಲ. ನಮ್ ಕೇರೀಲಿ ದನ ಕಾಯೋ ಐಕ್ಳವೆ, ಓದ್ ಬುಟ್ಬುಟ್ಟವೆ. ಸಂದೆ ಒತ್ತು ನಾಕ್ ಅಕ್ಸರ ಏಳ್ಕೊಟ್ಟೀರಾ? ಒಳೀಕ್ ಬರಕಿಲ್ಲ, ಈ ಇತ್ಲಲ್ಲೇ ಕುಂತ್ಕತವೆ," ಎಂದ. ನಾನು ಹಿತ್ತಿಲಲ್ಲಿ ಬೇಡ, ಮುಂಬಾಗಿಲಿನಿಂದ ಬಂದು ನಡುಮನೆಯಲ್ಲಿ ಕೂರಲಿ ಎಂದೆ. ಅವನು ನಂಬದೆ ಇನ್ನೊಂದು ಸಲ ಕೇಳಿದ. ಇನ್ನೊಂದು ಸಲವೂ ಅದನ್ನೇ ಹೇಳಿದೆ. ಒಂಬತ್ತು ಮಕ್ಕಳು. ಮನೆ ನಿಮ್ಮದು, ಮಡಿ ನಿಮ್ಮದು. ನಿಮ್ಮ ಮಡಿ ಸೀರೆಯ ಕೋಲನ್ನು ನಡುಮನೆಯಿಂದ ತೆಗೆಸಿ ದೇವರ ಮನೆಯೊಳಗೆ ಕಟ್ಟಿಸಿದ್ದೇನೆ. ಜಗುಲಿಯ ಮೇಲೆ ಕೂರಿಸಬಾರದಿತ್ತೇ ಎನ್ನುತ್ತೀರಿ. ಹೊರಗೆ ಕೂರಿಸಿ ಪಾಠ ಹೇಳಲು ನನಗೆ ಬರುವುದಿಲ್ಲ ಅತ್ತೆ. ಮೊದಲು ನಿಮ್ಮನ್ನು ಕೇಳಬೇಕಿತ್ತು. ಇವತ್ತಿನ ಟಪಾಲು ಹೋಗಿಬಿಟ್ಟಿದೆ, ಈ ಕವರು ನಿಮ್ಮ ಕೈ ಸೇರುವುದು ಮಂಗಳವಾರ. ಮಕ್ಕಳಿಗೆ ಸೋಮವಾರವೇ ಬರಲು ಹೇಳಿದ್ದೇನೆ.