ಮಲಾವಿಯಲ್ಲಿ ಭಾವನ ಬೇವಿನ ಮರ

ಎರ್ರಿಸ್ವಾಮಿ ಭಾವನಿಗೆ,

ಹಟ್ಟಿಗೆ ನುಗ್ಗಿದ ಕೋಳಿ ಎಲ್ಲಿ ಮೈಗೆ ತಾಕಿಬಿಡುವುದೋ ಎಂದು ನೀವು ಬೇವಿನ ಮರ ಹತ್ತಿದ ಕಥೆಯನ್ನು ಮುದ್ದಜ್ಜಿ ಮೊದಲು ಹೇಳಿದ್ದು ನಿಮ್ಮ ಮದುವೆಯ ದಿನ. ಈಗ ಅದು ಆಫ್ರಿಕಾದ ಮಲಾವಿಗೂ ಬಂದಿದೆ. ನನ್ನ ಜ್ವರ ಬಿಟ್ಟಿದೆ, ಅವ್ವನಿಗೆ ಹೇಳಿ.

ಎರಡು ಸರ್ಕಾರಗಳ ಒಪ್ಪಂದದಂತೆ ಶೇಂಗಾ ಬೇಸಾಯ ಕಲಿಸಲು ಬಂದ ನನಗೆ ಈ ಊರಿನ ಹಿರಿಯಮ್ಮ ಜೀವಂತ ಕೋಳಿಯನ್ನೇ ಕಾಣಿಕೆ ಕೊಡಲು ಬಂದರು.

"ಬ್ಯಾಡ ಅಂದ್ರೆ ನಾಳೆ ಹೊಲಕ್ಕೆ ಒಬ್ರೂ ಬರಲ್ಲ ಕಣಲೇ," ಎಂದ ನನ್ನ ಜೊತೆ ಕೆಲಸ ಮಾಡುವ, ಇಲ್ಲಿನ ಮಾತು ಬಲ್ಲ ನಮ್ಮ ಕಡೆಯ ತಳಕು ಊರಿನ ಮಾರುತಿ.

ನಮ್ಮ ಕುಲದವರು ಕೋಳಿ ಮುಟ್ಟುವುದಿಲ್ಲವೆಂದು ತಿಳಿಸಲು ಅವನಿಂದ ನಿಮ್ಮ ಕಥೆ ಹೇಳಿಸಿದೆ. ಊರೇ ಬಿದ್ದು ಬಿದ್ದು ನಕ್ಕಿತು.

"ಕೋಳಿನೂ ಮರ ಹತ್ತುತ್ತೆ, ನಿನ್ನ ಭಾವಂಗೆ ಯಾರೂ ಹೇಳಿಲ್ವಾ?" ಎಂದರು ಹಿರಿಯಮ್ಮ.

ಮರುದಿನ ಬೆಳಿಗ್ಗೆ ಎಲ್ಲರೂ ಹೊಲಕ್ಕೆ ಬಂದಿದ್ದರು. ನಾನು ನಡೆದುಹೋಗುವ ದಾರಿಯ ಕೋಳಿಗಳನ್ನೆಲ್ಲ ಬುಟ್ಟಿಯಡಿ ಮುಚ್ಚಿಟ್ಟಿದ್ದರು.

ಚಿತ್ತಪ್ಪ