ಹೊಂದಿಕೊಳ್ಳಬೇಕಾದವರು ಯಾರು?

ಪ್ರೀತಿಯ ಪದ್ಮಾ,

ನಿನ್ನ ಸಿಟ್ಟಿನ ಇಮೇಲ್ ಬಂದು ವಾರವಾಯಿತು. ಜರ್ಮನಿಯಲ್ಲಿ ನೀನೂ ನಿನ್ನ ಜೊತೆಯ ಹವಾಮಾನ ವಿಜ್ಞಾನಿಗಳೂ ಬೀದಿಗಿಳಿದಿದ್ದೀರಿ, ನಿಮ್ಮ ಹೇಳಿಕೆಗೆ ನಾನು ಸಹಿ ಹಾಕಲಿಲ್ಲ. "ಸರ್ಕಾರದ ಮುಂದೆ ಯಾಕೆ ಹೀಗೆ ಬಾಯಿಗೆ ಬೀಗ ಹಾಕ್ಕೊಂಡಿರ್ತೀಯೇ?" ಎಂದು ಕೇಳಿದ್ದೀಯ. ಉತ್ತರ ಬರೆಯಲು ಕೂತರೇ ದಣಿವಾಗುತ್ತದೆ ಕಣೇ.

ಒಬ್ಬರೇ ಮೇಷ್ಟ್ರ ಹತ್ತಿರ, ಒಂದೇ ಗ್ರಾಫ್ ನೋಡುತ್ತಾ ಕಲಿತವರು ನಾವು. ಈಗಲೂ ಅಂಕಿಗಳ ಬಗ್ಗೆ ನಮಗೆ ಜಗಳವಿಲ್ಲ. ಆದರೆ ನೀನು ಅಲ್ಲಿ ಕೂತು ಹೊಗೆ ನಿಲ್ಲಲಿ ಎನ್ನುತ್ತೀಯ, ನಾನು ಚಂದಾಪುರದಲ್ಲಿ ಕೂತು ಮೊದಲು ನೆರಳು ಸಿಗಲಿ ಎನ್ನುತ್ತೇನೆ. ಜಿಗಣಿಯ ತಗಡಿನ ಶೆಡ್ಡಿನ ಕಾರ್ಖಾನೆಗಳನ್ನು ಮುಚ್ಚಿಬಿಡಿ ಎಂದರೆ ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ. ಅಲ್ಲಿಯ ಮಾಲು ಹೋಗುವುದೂ ನಿಮ್ಮ ಕಡೆಗೇ. ಇದನ್ನು ಹೇಳಿದರೆ ಸರ್ಕಾರದ ಭಾಷೆ ಎಂದು ಹಂಗಿಸುತ್ತೀಯ.

ಅದಕ್ಕೇ ಕಾರ್ಖಾನೆಗಳೊಳಗಿನ ಬಿಸಿಲ ಬೇಗೆಯ ಬಗ್ಗೆ ಸರ್ಕಾರ ಸಮಿತಿ ಮಾಡಿದಾಗ ಸೇರಿದೆ. ಕಾವು ಹೀರದಂತೆ ಚಾವಣಿಯ ತಗಡಿಗೆ ಬಿಳಿ ಬಣ್ಣ ಬಳಿಯಿರಿ, ಸಂಬಳ ಹಿಡಿಯದೆ ಮಧ್ಯಾಹ್ನ ಬಿಡುವು ಕೊಡಿ ಎಂದು ಬರೆದು, ಮೇಲೆ 'ಬಿಸಿಲಿಗೆ ಹೊಂದಾಣಿಕೆ' ಎಂದು ಹೆಸರಿಟ್ಟೆ. ನಮ್ಮ ವಿಜ್ಞಾನದಲ್ಲಿ ಅಡಾಪ್ಟೇಶನ್‌ಗೆ ಬಳಸುವ ಪದವೇ ಅದು, ನಿನಗೂ ಗೊತ್ತು.

ಮೊನ್ನೆ ಪಕ್ಕದ ಬಾಡಿಗೆ ರೂಮಿನ ಮಲಕವ್ವ ಫೋನು ಹಿಡಿದು ಬಂದಳು. ಅವಳು ಕೆಲಸ ಮಾಡುವ ಶೆಡ್ಡಿನ ಗೋಡೆಗೆ ಸಮಿತಿಯ ಕರಡು ಅಂಟಿಸಿದ್ದರು, ಫೋಟೊ ತೆಗೆದಿದ್ದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು. ಬಣ್ಣವಿಲ್ಲ, ಬಿಡುವಿಲ್ಲ. ಉಳಿದದ್ದು ಒಂದು ಸಾಲು: "ಕಾರ್ಮಿಕರು ಬಿಸಿಲಿಗೆ ಹೊಂದಿಕೊಳ್ಳತಕ್ಕದ್ದು." ಕೆಳಗೆ ಸದಸ್ಯರ ನಡುವೆ ನನ್ನ ಹೆಸರು.

"ಹೊಂದಿಕೊಳ್ಳೂದಂದ್ರ ಅಡ್ಜಸ್ಟ್ ಮಾಡ್ಕೋರಿ ಅಂತನ್ರಿ ಮೇಡಂ?" ಎಂದಳು. "ಅದನ್ನ ನಮ್ಮ ಸೂಪರ್‌ವೈಸರ್ ದಿನಾ ಹೇಳ್ತಾನ್ರಿ. ನೀವೂ ಅದನ್ನ ಬರದೀರೇನ್ರಿ?"

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಹೋದ ತಿಂಗಳು ಅವಳ ಜೊತೆಗಾರ್ತಿ ಸವಿತಾ ಕಾವು ತಾಳದೆ ಮಷೀನಿನ ಮುಂದೆಯೇ ತಲೆಸುತ್ತಿ ಬಿದ್ದಿದ್ದಳು. ನನಗೆ ಅಳು ಬಂತು ಪದ್ಮಾ.

ನಾಳೆ ಕೊನೆಯ ಸಭೆ. ಆ ಕರಡಿಗೆ ಸಹಿ ಹಾಕದಿದ್ದರೆ ನನ್ನನ್ನು ಇನ್ನು ಯಾವ ಸಮಿತಿಗೂ ಕರೆಯುವುದಿಲ್ಲ. ಹಾಕಿದರೆ ಮಲಕವ್ವನ ಮುಖ ಹೇಗೆ ನೋಡಲಿ? ಬಿಡುವಿನ ಮಾತು ವಾಪಸ್ ಬರಬೇಕು, 'ಕಾರ್ಮಿಕರು' ಹೊಡೆದು 'ಕಾರ್ಖಾನೆಗಳು' ಎಂದು ಬರೆಯಬೇಕು, ಅಲ್ಲಿಯವರೆಗೆ ಪೆನ್ನು ತೆಗೆಯುವುದಿಲ್ಲ ಎನ್ನುತ್ತೇನೆ. ಒಂದು ಪದಕ್ಕೆ ಇಷ್ಟು ರಗಳೆಯೇ ಎಂದು ನಗುತ್ತಾರೆ. ನಗಲಿ. ಇಷ್ಟು ವರ್ಷ ಅಡ್ಜಸ್ಟ್ ಮಾಡಿಕೊಂಡವಳೇ ನಾನು, ನಾಳೆ ಮಾತ್ರ ಆಗುವುದಿಲ್ಲ.

ಮಲಕವ್ವನಿಗೆ ಇನ್ನೂ ಉತ್ತರ ಹೇಳಿಲ್ಲ. ನಾಳೆ ಸಂಜೆ ಹೇಳುತ್ತೇನೆ.

ಅಲ್ಲಿ ಕೂಗಿ ಕೂಗಿ ನಿನ್ನ ಗಂಟಲು ಒಣಗದಿರಲಿ. ಇಲ್ಲಿ ನನ್ನ ದನಿ ನಡುಗದಿರಲಿ ಎಂದು ನೀನೂ ಹರಸು.

ದಣಿದರೂ ನಿನ್ನವಳೇ,
ಶೈಲಶ್ರೀ